ಇಳಿಯಲು ಕಾಸಿಲ್ಲ

ತ್ಬಿಲಿಸಿಯ ಈ ಹಳೇ ಕಟ್ಟಡದ ಲಿಫ್ಟು
ಕಾಸು ಹಾಕದೆ ಮೇಲೇರುವುದಿಲ್ಲ.
ಹತ್ತು ತೆತ್ರಿಯ ನಾಣ್ಯ ನುಂಗಿ,
ಒಮ್ಮೆ ಕೆಮ್ಮಿ,
ಆರನೇ ಮಹಡಿಗೆ ಎತ್ತಿಕೊಂಡು ಹೋಗುತ್ತದೆ.
ಇಳಿಯುವುದು ಮಾತ್ರ ಪುಕ್ಕಟೆ.

ಅಲ್ಲಿ ನಮ್ಮ ಏಜೆನ್ಸಿ.
ಏಜೆನ್ಸಿ ಎಂದರೆ ಖಾತುನಾಳ ತೀರಿಹೋದ ಚಿಕ್ಕಮ್ಮನ ಎರಡು ಕೋಣೆ,
ಮೂರೂವರೆ ಕಂಪ್ಯೂಟರು,
ಸ್ನಾನದ ತೊಟ್ಟಿಯಲ್ಲಿ ಪೋಸ್ಟರುಗಳ ಸುರುಳಿ,
ನಾಲ್ಕು ಜನ.
ಗುರಾಮ್ ಚಿತ್ರ ಬರೆಯುತ್ತಾನೆ, ನಾನು ಮಾತು.
ಝಾಲಿಕೋ ಸುಮ್ಮನಿರುವುದನ್ನು ಕುಣಿಸುತ್ತಾನೆ.
ಖಾತುನಾ ಫೋನಿನಲ್ಲಿ ನಗುತ್ತಾಳೆ;
ಫೋನಿಟ್ಟ ಮೇಲೆ ಆ ನಗು ಎಲ್ಲಿಗೆ ಹೋಗುತ್ತದೋ
ಯಾರೂ ಕೇಳಿಲ್ಲ.

ಮೊದಲ ದೊಡ್ಡ ಕೆಲಸ ಒಂದು ಹಸು.
ಕಖೇತಿಯ ಮೊಸರಿನವರು, ಶೀಶೆಗೆ ಅಂಟಿಸುವ ಚೀಟಿ.
ಗುರಾಮ್ ತನ್ನ ಅಜ್ಜಿಯ ಹಸುವನ್ನೇ ಬರೆದ:
ಒಂದು ಕೊಂಬು ಮೊಂಡು,
ಕಣ್ಣಲ್ಲಿ ಸಂಜೆಯ ಬೇಸರ.
ನಗಬೇಕು ಎಂದರು. ನಗಿಸಿದ.
ಹಸುವಿನ ಹಾಗೆ ನಗಲಿ, ನಮ್ಮ ಅತ್ತಿಗೆಯ ಹಾಗೆ ಬೇಡ ಎಂದರು.
ಹದಿನಾಲ್ಕನೇ ಹಸುವಿಗೆ ಟೋಪಿ ಬಂತು.
ಹದಿನೇಳನೆಯದಕ್ಕೆ ಟೋಪಿ ಹೋಯಿತು, ಕೊಂಬೂ ಹೋಯಿತು.
ನಡುರಾತ್ರಿ ಮಾಲೀಕನ ಹೆಂಡತಿ ನೋಡಿ ಹೇಳಿದಳಂತೆ,
ಮೊದಲನೆಯದೇ ಚೆನ್ನಾಗಿತ್ತಲ್ಲ?

ಬಾಲ್ಕನಿಗೆ ಹೋಗಿ ನಾಲ್ವರೂ ಅಂಬಾ ಎಂದು ಕೂಗಿದೆವು.
ಎದುರುಮನೆಯ ಮುದುಕ ದೀಪ ಹಾಕಿ,
ಸ್ವಲ್ಪ ಯೋಚಿಸಿ,
ತಾನೂ ಕೂಗಿದ.

ಅಂಗಡಿಯ ತಣ್ಣನೆ ಕಪಾಟಿನಲ್ಲಿ ನಮ್ಮ ಹಸು ಕಂಡ ದಿನ
ಖಾತುನಾ ಬೇರೆಯವರ ಶೀಶೆಗಳನ್ನೆಲ್ಲ ಹಿಂದಕ್ಕೆ ತಳ್ಳುತ್ತ ನಿಂತಳು,
ಕಾವಲಿನವನು ಬರುವ ತನಕ.

ಆಮೇಲೆ ಬ್ಯಾಂಕು.
ಮೂರು ರಾತ್ರಿ, ಹನ್ನೊಂದು ಖಚಾಪುರಿ, ನನ್ನದೊಂದು ಸಾಲು:
ನಾಳೆಗೂ ಒಂದು ಬಾಗಿಲಿರಲಿ.
ಗಾಜಿನ ಕೋಣೆಯಲ್ಲಿ ಆರು ತಲೆ ತೂಗಿದವು. ನೀರು ಕೊಟ್ಟರು.
ಕೈಕುಲುಕಿದ ರೀತಿಯಲ್ಲೇ ಗೊತ್ತಾಗಬೇಕಿತ್ತು.
ಜೂನ್‌ನಲ್ಲಿ, ಹೊಳೆಯ ದಂಡೆಯ ಮೇಲೆ, ಮನೆಯಷ್ಟು ದೊಡ್ಡ ಫಲಕ:
ನಾಳೆಗೂ ಒಂದು ಕಿಟಕಿಯಿರಲಿ.
ಬಸ್ಸಿನಲ್ಲಿ ಪಕ್ಕದವಳು ಓದಿ, ಚೆನ್ನಾಗಿದೆ, ಅಂದಳು.
ಹಿಗ್ಗಿದೆ.
ನಾಚಿಕೆಯಾದದ್ದು ಅದಕ್ಕೇ.

ಆ ತಿಂಗಳು ಸಂಬಳವಿಲ್ಲ.
ಮೊಸರಿನವರು ಬಾಕಿಯ ಬದಲು ಮೊಸರನ್ನೇ ಕಳಿಸಿದರು.
ತೊಂಬತ್ತು ಶೀಶೆ, ತೊಂಬತ್ತು ಹಸು,
ಮೇಜಿನ ಕೆಳಗಿಂದ, ಕಿಟಕಿಯ ಕಟ್ಟೆಯಿಂದ
ನಮ್ಮನ್ನೇ ನೋಡುತ್ತ.
ಬೆಳಗ್ಗೆ ಮೊಸರು, ಮಧ್ಯಾಹ್ನ ಮೊಸರಿಗೆ ಬೆಳ್ಳುಳ್ಳಿ.
ಉಳಿದದ್ದನ್ನು ಮಹಡಿ ಮಹಡಿಗೂ ಹಂಚಿ ಬಂದೆವು.
ಖಾತುನಾ ಕಾರು ಮಾರಿದಳು. ಮಾರಿದೆ ಅನ್ನಲಿಲ್ಲ.
ಮೆಟ್ರೋ ವಾಸಿ, ಓದಲು ಸಮಯ ಸಿಗುತ್ತದೆ, ಅಂದಳು.

ಎಲೆ ಉದುರುವ ಹೊತ್ತಿಗೆ ಝಾಲಿಕೋ ಹೊರಟ,
ವಿಮೆ, ಊಟದ ಕೋಣೆ ಎಲ್ಲ ಇರುವ ದೊಡ್ಡ ಕಂಪನಿಗೆ.
ಯಾರೂ ಏನೂ ಅನ್ನಲಿಲ್ಲ. ಅವನ ಮನೆಯಲ್ಲಿ ಮಗು ಬರುವುದಿತ್ತು.
ಅವನ ಕುರ್ಚಿಯನ್ನು ಒಂದು ವಾರ ಮುಟ್ಟದೆ ಬಿಟ್ಟೆವು.
ಆಮೇಲೆ, ಚಕ್ರ ಚೆನ್ನಾಗಿವೆ ಎಂದು,
ಗುರಾಮ್ ಎಳೆದುಕೊಂಡ.

ನಾನೂ ಒಂದು ರಾಜೀನಾಮೆ ಬರೆದೆ.
ತಿದ್ದಿ ತಿದ್ದಿ ಎಷ್ಟು ಚೆನ್ನಾಗಿ ಬಂತೆಂದರೆ
ಕೊಡಲು ಮನಸ್ಸಾಗದೆ ವಾರವೆಲ್ಲ ಜೇಬಿನಲ್ಲೇ ಇತ್ತು.
ನಿನ್ನೆ ಕೊಟ್ಟೇಬಿಡೋಣ ಎಂದು ಲಿಫ್ಟಿನೊಳಗೆ ನಿಂತರೆ
ಜೇಬಿನಲ್ಲಿ ಕಾಗದವಿದೆ, ಕಾಸಿಲ್ಲ.

ಏಳನೇ ಮಹಡಿಯ ಎತೇರಿ ಸಂಚಿಯಿಂದ ಶೀಶೆ ತೆಗೆದಳು.
ತೊಳೆದ ಮೊಸರಿನ ಶೀಶೆ. ಚೀಟಿ ಕಿತ್ತಿರಲಿಲ್ಲ.
ತುಂಬ ಲಿಫ್ಟಿನ ಚಿಲ್ಲರೆ.
ಎಸೆಯೋಣ ಅಂತಿದ್ದೆ, ಅಂದಳು,
ಈ ಹಸು ನೋಡು, ನನ್ನ ಹಾಗೇ ಮುಖ ಮಾಡಿಕೊಂಡಿದೆ.

ನಾಣ್ಯ ಹಾಕಿದಳು. ಲಿಫ್ಟು ಕೆಮ್ಮಿತು.
ಎತೇರಿ, ನಾನು,
ಮೊಂಡು ಕೊಂಬಿನ ಅಜ್ಜಿಯ ಹಸು,
ಮೂವರೂ ಒಂದೇ ಕಾಸಿಗೆ
ಮೇಲೆ ಹೋದೆವು.